ಅತ್ತೆಯವರಿಗೆ ಬಂದಿರುವುದು ಮರೆವೋ, ಕಿವುಡೋ? ಶ್ರವಣಯಂತ್ರ ಹಾಕಿಸಿದರೆ ಮರೆವನ್ನು ತಡೆಯಬಹುದೇ?

ಸಾಗರದ ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರಿಗೆ ಈಗ 76 ವರ್ಷ. ಯಾರ ಮನೆಯಲ್ಲಿ ಉಪನಯನ, ಯಾರ ತೋಟಕ್ಕೆ ಕೊಳೆರೋಗ ಬಿದ್ದಿದೆ ಎಂಬುದನ್ನೆಲ್ಲ ಫೋನಿನಲ್ಲೇ ವಿಚಾರಿಸಿಕೊಂಡು ಸಂಜೆ ನಮಗೆ ವರದಿ ಒಪ್ಪಿಸುತ್ತಿದ್ದವರು, ಈ ಎರಡು ವರ್ಷಗಳಿಂದ ಫೋನ್ ಬಂದರೆ ಎದ್ದು ಒಳಗೆ ಹೋಗುತ್ತಾರೆ. ಸೊಪ್ಪು ಕೊಡಿ ಎಂದರೆ ಉಪ್ಪಿನ ಭರಣಿ ತಂದಿಡುತ್ತಾರೆ. ಮನೆಗೆ ಬಂದವರೆಲ್ಲ "ಅರಳು ಮರಳು ಶುರುವಾಯಿತು ಬಿಡಿ" ಎಂದು ಅವರ ಎದುರಿಗೇ ಹೇಳುತ್ತಾರೆ.

ಕಳೆದ ತಿಂಗಳು ನರರೋಗ ತಜ್ಞರಲ್ಲಿಗೆ ಕರೆದುಕೊಂಡು ಹೋಗಿದ್ದೆವು. ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 19 ಅಂಕ ಬಂತು. ವೈದ್ಯರು ಆರಂಭದ ಹಂತದ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರಬಹುದು ಎಂದರು, ಜೊತೆಗೆ ಕಿವಿಯನ್ನೂ ತೋರಿಸಿ ಎಂದರು. ಕಿವಿಯ ಯಂತ್ರ ಮಾರುವ ಒಂದು ಅಂಗಡಿಗೆ ಹೋದರೆ, ಅಲ್ಲಿನ ಮಾರಾಟಗಾರರು ಎರಡು ಕಿವಿಯ ಒಂದು ಜೋಡಿ ಯಂತ್ರಕ್ಕೆ 1,80,000 ರೂಪಾಯಿ ಹೇಳಿ, "ಈಗ ಹಾಕಿಸದಿದ್ದರೆ ಮೂರು ವರ್ಷದಲ್ಲಿ ಪೂರ್ತಿ ಮರೆವು ಗ್ಯಾರಂಟಿ" ಎಂದು ನಮ್ಮನ್ನು ಹೆದರಿಸಿಯೇ ಬಿಟ್ಟರು. ಕಿವಿ ಮಂದವಾಗುವುದಕ್ಕೂ ಮರೆವಿಗೂ ನಿಜವಾಗಿ ಸಂಬಂಧವಿದೆಯೇ, ಅಥವಾ ಇದು ವ್ಯಾಪಾರದ ಮಾತೇ? ತಿಳಿದವರು ಹೇಳಬೇಕು.

ಕಡಲತಡಿ
ಮಾರಾಟಗಾರರು ಗ್ಯಾರಂಟಿ ಕೊಡುವುದು ಯಂತ್ರಕ್ಕೆ ಎಂದುಕೊಂಡಿದ್ದೆ. ರೋಗಕ್ಕೂ ಗ್ಯಾರಂಟಿ ಕೊಡುತ್ತಾರೆ ಎಂದು ಇವತ್ತು ಗೊತ್ತಾಯಿತು.

ಮೇರಿಲ್ಯಾಂಡ್ ಕನ್ನಡಿಗ
ಸಂಬಂಧವಿರುವುದು ನಿಜ. ನಾನಿರುವ ರಾಜ್ಯದಲ್ಲೇ ಅದರ ಬಗ್ಗೆ ದೊಡ್ಡ ಕೆಲಸ ನಡೆದಿದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಫ್ರಾಂಕ್ ಲಿನ್ ಮತ್ತು ಅವರ ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲು ಡಿಮೆನ್ಷಿಯಾ ಇಲ್ಲದ 639 ಜನರನ್ನು ಸುಮಾರು 12 ವರ್ಷಗಳ ಕಾಲ ಗಮನಿಸಿದಾಗ, ಕಿವಿ ಸ್ವಲ್ಪ ಮಂದವಾಗಿದ್ದವರಲ್ಲಿ ಡಿಮೆನ್ಷಿಯಾ ಬರುವ ಸಂಭವ ಚೆನ್ನಾಗಿ ಕೇಳುವವರಿಗಿಂತ ಸರಿಸುಮಾರು ಎರಡು ಪಟ್ಟು, ಮಧ್ಯಮ ಪ್ರಮಾಣದಲ್ಲಿ ಮಂದವಾಗಿದ್ದವರಲ್ಲಿ ಮೂರು ಪಟ್ಟು, ತೀವ್ರವಾಗಿದ್ದವರಲ್ಲಿ ಐದು ಪಟ್ಟು ಎಂದು ಕಂಡುಬಂತು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗವು 2017, 2020 ಮತ್ತು 2024ರ ಮೂರೂ ವರದಿಗಳಲ್ಲಿ ಶ್ರವಣದೋಷವನ್ನು ಡಿಮೆನ್ಷಿಯಾಕ್ಕೆ ನಾವು ತಿದ್ದಿಕೊಳ್ಳಬಹುದಾದ ಕಾರಣಗಳ ಸಾಲಿನಲ್ಲಿ ಇಟ್ಟಿದೆ. ಆದ್ದರಿಂದ ದುಡ್ಡಿನ ಮುಖ ನೋಡದೆ ಹಾಕಿಸಿಬಿಡಿ ಎಂಬುದು ನನ್ನ ಸಲಹೆ.

ಅಂಕಿಸಂಖ್ಯೆ
ಮೇರಿಲ್ಯಾಂಡ್ ಅವರೇ, ಸಂಖ್ಯೆಗಳು ಸರಿಯಾಗಿವೆ, ಆದರೆ ಕೊನೆಯ ವಾಕ್ಯಕ್ಕೆ ನೀವು ಬಹಳ ಬೇಗ ಹಾರಿದಿರಿ. ಆ 639 ಜನರಲ್ಲಿ ಡಿಮೆನ್ಷಿಯಾ ಬಂದದ್ದು 58 ಜನರಿಗೆ. ಅದರಲ್ಲಿ ತೀವ್ರ ಕಿವುಡಿನವರ ಪಾಲು ಬೆರಳೆಣಿಕೆಯಷ್ಟು ಇರುವಾಗ, ಐದು ಪಟ್ಟು ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು. ಅದಕ್ಕಿಂತ ಮುಖ್ಯವಾದದ್ದು, ಎರಡು ಸಂಗತಿಗಳು ಒಟ್ಟಿಗೆ ಬಂದವು ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಂದ ಹಾಳಾಗುವ ಸಣ್ಣ ರಕ್ತನಾಳಗಳು ಒಳಕಿವಿಯಲ್ಲೂ ಇವೆ, ಮಿದುಳಿನಲ್ಲೂ ಇವೆ. ಎರಡೂ ಒಂದೇ ಬೇರಿನಿಂದ ಕೆಡುತ್ತಿದ್ದರೆ, ಕಿವಿಗೆ ಯಂತ್ರ ಹಾಕಿದ ಮಾತ್ರಕ್ಕೆ ಮಿದುಳು ಹೇಗೆ ಸುಧಾರಿಸೀತು?

ಲ್ಯಾನ್ಸೆಟ್ ವರದಿಯ ಶೇಕಡಾವಾರನ್ನೂ ಜನ ತಪ್ಪಾಗಿ ಓದುತ್ತಾರೆ. 2024ರ ವರದಿಯಲ್ಲಿ ಶ್ರವಣದೋಷಕ್ಕೆ ಕೊಟ್ಟಿರುವುದು 7 ಪ್ರತಿಶತ. ಕಿವಿ ಕೇಳದ ನೂರು ಜನರಲ್ಲಿ ಏಳು ಜನರಿಗೆ ಮರೆವು ಬರುತ್ತದೆ ಎಂದು ಇದರ ಅರ್ಥವಲ್ಲ. ಕಿವುಡೇ ಕಾರಣ ಎಂದು ಒಪ್ಪಿಕೊಂಡು, ಅದನ್ನು ಇಡೀ ಜನಸಮೂಹದಿಂದ ತೆಗೆದುಹಾಕಲು ಸಾಧ್ಯವಾದರೆ, ಒಟ್ಟು ಡಿಮೆನ್ಷಿಯಾ ಪ್ರಕರಣಗಳಲ್ಲಿ 7 ಪ್ರತಿಶತ ಕಡಿಮೆಯಾದಾವು ಎಂಬ ಲೆಕ್ಕ ಅದು. "ಒಪ್ಪಿಕೊಂಡರೆ" ಎಂಬ ಪದ ಜಾಹೀರಾತುಗಳಲ್ಲಿ ಇರುವುದಿಲ್ಲ.

ಶ್ರವಣತಜ್ಞೆ ಮೈಸೂರು
ಮೂವತ್ತು ವರ್ಷ ಇದೇ ಕೆಲಸ ಮಾಡಿ ನಿವೃತ್ತಳಾದವಳು ನಾನು. ಯಂತ್ರದ ಮಾತು ಆಮೇಲೆ ಇರಲಿ. ಸಾಗರದ ಸೊಸೆಯವರೇ, ನನಗೆ ಎರಡು ವಿಷಯ ತಿಳಿಸಿ. ನೆನಪಿನ ಪರೀಕ್ಷೆಯಲ್ಲಿ ಮೂರು ಪದಗಳನ್ನು ಹೇಳಿ, ಕೂಡಲೇ ಅವನ್ನು ತಿರುಗಿ ಹೇಳಿಸಿ, ಕೆಲವು ನಿಮಿಷಗಳ ನಂತರ ಮತ್ತೆ ಕೇಳುತ್ತಾರೆ. ಮೊದಲ ಸಲ ತಿರುಗಿ ಹೇಳುವಾಗ ನಿಮ್ಮ ಅತ್ತೆಯವರು ಏನೆಂದರು? ಎರಡನೆಯದಾಗಿ, ಕಿವಿಯೊಳಗೆ ಗುಗ್ಗೆ ಕಟ್ಟಿದೆಯೇ ಎಂದು ಯಾರಾದರೂ ಬೆಳಕು ಬಿಟ್ಟು ನೋಡಿದ್ದಾರೆಯೇ?

ಮಗ್ಗದ ಮಗ
ನನ್ನದೊಂದು ತಕರಾರಿದೆ. ನಮ್ಮದು ದೊಡ್ಡಬಳ್ಳಾಪುರ. ಅಪ್ಪ 35 ವರ್ಷ ವಿದ್ಯುತ್ ಮಗ್ಗ ನಡೆಸಿದವರು. ಒಂದು ಶೆಡ್ಡಿನಲ್ಲಿ ಎಂಟು ಮಗ್ಗ ಒಟ್ಟಿಗೆ ಓಡುವಾಗ ಪಕ್ಕದವನ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ನೂಲು ಕಡಿದಿದೆ, ಲಾಳಿ ಬದಲಿಸು, ಚಹಾ ಬಂತು, ಎಲ್ಲವನ್ನೂ ಕೈಸನ್ನೆಯಲ್ಲೇ ಹೇಳಬೇಕು. ಐವತ್ತು ದಾಟಿದ ನೇಕಾರರಲ್ಲಿ ಕಿವಿ ಸರಿಯಿರುವವರನ್ನು ಹುಡುಕಿಯೇ ತೆಗೆಯಬೇಕು. ಕಿವುಡಿನಿಂದ ಮರೆವು ಬರುವುದಾದರೆ ನಮ್ಮ ಕೇರಿಯಲ್ಲಿ ಅರ್ಧ ಜನಕ್ಕೆ ಈಗಾಗಲೇ ಮರೆವು ಬಂದಿರಬೇಕಿತ್ತು. ನನ್ನ ಅಪ್ಪನಿಗೆ ಈಗ 79 ವರ್ಷ. 1980ರಲ್ಲಿ ಯಾರಿಗೆ ಎಷ್ಟು ಸೀರೆ ಸಾಲಕ್ಕೆ ಕೊಟ್ಟಿದ್ದೆ ಎಂಬುದನ್ನು ಈಗಲೂ ಬಾಯಲ್ಲೇ ಹೇಳುತ್ತಾರೆ.

ಅಂಕಿಸಂಖ್ಯೆ
ಸಂಭವ ಹೆಚ್ಚು ಎಂದರೆ ಎಲ್ಲರಿಗೂ ಬಂದೇ ಬರುತ್ತದೆ ಎಂದಲ್ಲ. ಬೀಡಿ ಸೇದುವವರೆಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ, ಹಾಗೆಂದು ಬೀಡಿ ನಿರಪರಾಧಿಯೂ ಅಲ್ಲ. ನಿಮ್ಮ ತಂದೆಯವರ ಸಾಲದ ಲೆಕ್ಕಕ್ಕೆ ನನ್ನ ನಮಸ್ಕಾರಗಳು. ಆದರೆ ಒಬ್ಬರ ಉದಾಹರಣೆಯಿಂದ ಯಾವ ಕಡೆಗೂ ತೀರ್ಮಾನ ಮಾಡಲಾಗದು. ಮೇಲಾಗಿ ನಲವತ್ತು ವರ್ಷ ಹಳೆಯ ನೆನಪು ಗಟ್ಟಿಯಾಗಿದ್ದು, ನಿನ್ನೆಯ ನೆನಪು ಜಾರುವುದೇ ಈ ಕಾಯಿಲೆಯ ಆರಂಭದ ಲಕ್ಷಣ ಎನ್ನುವುದನ್ನೂ ಮರೆಯಬಾರದು.

ಮಗ್ಗದ ಮಗ
ನಿನ್ನೆ ಏನು ತಿಂದೆ ಎಂಬುದೂ ಅವರಿಗೆ ನೆನಪಿದೆ ಸ್ವಾಮಿ, ಚಿಂತೆ ಬೇಡ. ನಾನು ಹೇಳಹೊರಟದ್ದು ಬೇರೆ. ನಮ್ಮ ಕೇರಿಯಲ್ಲಿ ಕಿವಿ ಕೇಳದಿರುವುದು ನಾಚಿಕೆಯ ಸಂಗತಿಯಲ್ಲ. ಎಲ್ಲರೂ ಎದುರಿಗೆ ನಿಂತು, ಮುಖ ನೋಡಿ, ಕೈಯಾಡಿಸಿ, ಗಟ್ಟಿಯಾಗಿ ಮಾತಾಡುತ್ತಾರೆ. ಯಾರೂ ಕಿವುಡರನ್ನು ಬಿಟ್ಟು ಮಾತಾಡುವುದಿಲ್ಲ, ಏಕೆಂದರೆ ಆಗ ಮಾತಾಡಲು ಯಾರೂ ಉಳಿಯುವುದಿಲ್ಲ! ಸಾಗರದ ಅಮ್ಮನವರು ಫೋನ್ ಬಂದರೆ ಒಳಗೆ ಹೋಗುತ್ತಾರೆ ಎಂದರಲ್ಲ, ಕೆಡುಕು ಅಲ್ಲಿಂದ ಶುರುವಾಗುತ್ತದೆ ಎಂದು ನನಗೆ ಅನಿಸುತ್ತದೆ.

ಶ್ರವಣತಜ್ಞೆ ಮೈಸೂರು
ಮಗ್ಗದ ಮಗ ಅವರು ಹೇಳಿದ್ದು ಸಂಶೋಧಕರು ಮುಂದಿಡುವ ಕಾರಣಗಳಲ್ಲಿ ಒಂದು. ಒಂಟಿತನ. ಕೇಳದವರು ಮೊದಲು ಮದುವೆಮನೆ ಬಿಡುತ್ತಾರೆ, ಆಮೇಲೆ ಫೋನ್ ಬಿಡುತ್ತಾರೆ, ಕೊನೆಗೆ ಊಟದ ಹೊತ್ತಿನ ಮಾತನ್ನೂ ಬಿಡುತ್ತಾರೆ. ಇನ್ನೊಂದು ಕಾರಣ, ಮಿದುಳಿಗೆ ಬೀಳುವ ಹೊರೆ. ಅರ್ಧ ಕೇಳಿಸಿದ ಮಾತಿನ ಉಳಿದರ್ಧವನ್ನು ಊಹಿಸುವುದರಲ್ಲೇ ಶಕ್ತಿಯೆಲ್ಲ ಖರ್ಚಾದರೆ, ಆ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಲು ಉಳಿಯುವುದೇನು? ಮೂರನೆಯದು, ವರ್ಷಗಟ್ಟಲೆ ಶಬ್ದ ಸರಿಯಾಗಿ ತಲುಪದಿದ್ದರೆ ಮಿದುಳಿನ ಸಂಬಂಧಪಟ್ಟ ಭಾಗಗಳು ಬೇಗ ಕುಗ್ಗುತ್ತವೆ ಎಂಬುದು. ನಾಲ್ಕನೆಯದಾದ ಸಣ್ಣ ರಕ್ತನಾಳಗಳ ಕಾರಣವನ್ನು ಅಂಕಿಸಂಖ್ಯೆಯವರು ಆಗಲೇ ಹೇಳಿದ್ದಾರೆ. ಇವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಸೊಪ್ಪು ಹೇಗೆ ಉಪ್ಪಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಅದರಲ್ಲಿ ಶಬ್ದವನ್ನು ಹಿಡಿಯುವ ರೋಮಕೋಶಗಳು ಒಂದು ಕಿವಿಗೆ ಸುಮಾರು 15,000 ಇರುತ್ತವೆ. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಂತೆ ಮೊದಲು ಸಾಯುವುದು ಸುರುಳಿಯ ಬುಡದಲ್ಲಿರುವ, ಕೀರಲು ಸ್ವರಗಳನ್ನು ಹಿಡಿಯುವ ಕೋಶಗಳು. ಕನ್ನಡದ ಸ್ವರಾಕ್ಷರಗಳ ಬಲವೆಲ್ಲ ತಗ್ಗಿನ ನಾದದಲ್ಲಿರುತ್ತದೆ, ಸ, ಶ, ತ, ಕ, ಪ ಇವುಗಳ ಗುರುತು ಇರುವುದು ಎತ್ತರದ ನಾದದಲ್ಲಿ. ಆದ್ದರಿಂದ ವೃದ್ಧರಿಗೆ ಮಾತು ಕೇಳಿಸುತ್ತದೆ, ಆದರೆ ಯಾವ ಮಾತು ಎಂದು ತಿಳಿಯುವುದಿಲ್ಲ. "ಬೇಕಾದ್ದು ಮಾತ್ರ ಕೇಳಿಸುತ್ತದೆ ಇವರಿಗೆ" ಎಂದು ಮನೆಯವರು ಆಡಿಕೊಳ್ಳುವುದು ಇದಕ್ಕೇ. ಗಂಡಸರ ದಪ್ಪ ಧ್ವನಿ ತಿಳಿಯುತ್ತದೆ, ಸೊಸೆಯ ಮತ್ತು ಮೊಮ್ಮಕ್ಕಳ ಧ್ವನಿ ತಿಳಿಯುವುದಿಲ್ಲ. ಸೊಸೆಯಂದಿರು ದಯವಿಟ್ಟು ಇದನ್ನು ವೈಯಕ್ತಿಕವಾಗಿ ತೆಗೆದುಕೊಳ್ಳಬಾರದು.

ಕಡಲತಡಿ
ನನ್ನ ಹೆಂಡತಿ ಈ ಕೊನೆಯ ವಾಕ್ಯವನ್ನು ಮುದ್ರಿಸಿ ಗೋಡೆಗೆ ಅಂಟಿಸುತ್ತೇನೆ ಎನ್ನುತ್ತಿದ್ದಾಳೆ.

ಸಾಗರದ ಸೊಸೆ
ಶ್ರವಣತಜ್ಞೆಯವರೇ, ನಿಮ್ಮ ಪ್ರಶ್ನೆ ನೋಡಿ ನಮ್ಮ ಯಜಮಾನರನ್ನು ಕೇಳಿದೆ, ಪರೀಕ್ಷೆಯ ಹೊತ್ತಿನಲ್ಲಿ ಒಳಗಿದ್ದವರು ಅವರೇ. ಅವರು ನೆನಪಿಸಿಕೊಂಡು ಹೇಳಿದ್ದನ್ನು ಕೇಳಿ ನನಗೆ ರಾತ್ರಿ ನಿದ್ರೆ ಬರಲಿಲ್ಲ. ಮುಖಗವಸು ಹಾಕಿದ್ದ ಹುಡುಗಿಯೊಬ್ಬಳು ಫ್ಯಾನಿನ ಕೆಳಗೆ ಕೂತು, ಕಾಗದ ನೋಡಿಕೊಂಡು ಹೇಳಿದ ಪದಗಳು ತಟ್ಟೆ, ಕತ್ತಿ, ಶಾಲು. ಅತ್ತೆಯವರು ಕೂಡಲೇ ತಿರುಗಿ ಹೇಳಿದ್ದು ಬಟ್ಟೆ, ಬತ್ತಿ, ಹಾಲು. ಹೊರಗೆ ಸಾಲು ಉದ್ದವಿತ್ತು, ಆಕೆ ತಿದ್ದದೆ ಮುಂದೆ ಹೋದಳು. ಐದು ನಿಮಿಷದ ನಂತರ ಕೇಳಿದಾಗಲೂ ಅತ್ತೆಯವರು ಹೇಳಿದ್ದು ಬಟ್ಟೆ, ಬತ್ತಿ, ಹಾಲು. ಮೂರಕ್ಕೆ ಸೊನ್ನೆ ಹಾಕಿದ್ದಾರೆ.

ಕಿವಿಯೊಳಗೆ ಯಾರೂ ನೋಡಿಲ್ಲ.

ಶ್ರವಣತಜ್ಞೆ ಮೈಸೂರು
ನಾನು ಅನುಮಾನಿಸಿದ್ದು ಇದನ್ನೇ. ಅವರು ತಮಗೆ ಕೇಳಿಸಿದ ಮೂರನ್ನೂ ಮರೆಯದೆ ಒಪ್ಪಿಸಿದ್ದಾರೆ. ಆ ಸೊನ್ನೆ ಅವರ ನೆನಪಿಗೆ ಸಿಕ್ಕಿದ್ದಲ್ಲ, ಕಿವಿಗೆ ಸಿಕ್ಕಿದ್ದು. ಪದ ಸರಿಯಾಗಿ ತಲುಪುವವರೆಗೆ ಮತ್ತೆ ಮತ್ತೆ ಹೇಳಿಸಬೇಕು ಎಂಬ ನಿಯಮವಿರುವುದೇ ಇದಕ್ಕಾಗಿ. ಕೇಳದವರಿಗೆ ಪ್ರಶ್ನೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಬಹುದು, ಅಥವಾ ಕೊರಳಿಗೆ ಹಾಕುವ ಸಣ್ಣ ಧ್ವನಿವರ್ಧಕ ಕೊಟ್ಟು ಕೇಳಬಹುದು.

ಅಂಕಿಸಂಖ್ಯೆ
ಇಲ್ಲಿ ನಾನು ಶ್ರವಣತಜ್ಞೆಯವರ ಪಕ್ಷ, ಆದರೆ ಒಂದು ಎಚ್ಚರಿಕೆಯ ಮಾತು. ಆ ಮೂರು ಅಂಕ ವಾಪಸು ಕೊಟ್ಟರೂ 22 ಆಗುತ್ತದೆ. ಉಳಿದ ಎಂಟು ಎಲ್ಲಿ ಹೋದವು? ಕಿವುಡು ಮತ್ತು ಮರೆವು ಎರಡೂ ಒಟ್ಟಿಗೆ ಇರಬಹುದು. ಭಾರತದಲ್ಲಿ 60 ದಾಟಿದವರಲ್ಲಿ ಡಿಮೆನ್ಷಿಯಾ ಇರುವವರು ಸುಮಾರು 7.4 ಪ್ರತಿಶತ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಹೇಳುತ್ತದೆ. ಬರೀ ಕಿವಿಯದೇ ತೊಂದರೆ ಎಂದು ನಿರಾಳವಾಗಿ ಕೂರಬೇಡಿ.

ಹುಬ್ಬಳ್ಳಿ ಮಂದಿ
ಇದಕ್ಕೆ ನಮ್ಮ ಮನೆಯೇ ಸಾಕ್ಷಿ. ನಮ್ಮ ತಂದೆಯವರಿಗೆ 71ನೇ ವಯಸ್ಸಿನಲ್ಲೇ ಎರಡೂ ಕಿವಿಗೆ ಒಳ್ಳೆಯ ಯಂತ್ರ ಹಾಕಿಸಿದೆವು, ಶಿಸ್ತಿನ ಮನುಷ್ಯ, ಮುಂಜಾನೆ ಹಾಕಿದರೆ ರಾತ್ರಿ ಮಲಗುವಾಗಲೇ ತೆಗೆಯುತ್ತಿದ್ದರು. ಆದರೂ ನಾಲ್ಕು ವರ್ಷದಲ್ಲಿ ಅಲ್ಝೈಮರ್ ಬಂದೇ ಬಂತು. ಯಂತ್ರದಿಂದ ಕಾಯಿಲೆ ನಿಲ್ಲಲಿಲ್ಲ. ಆದರೆ ಕೊನೆಯವರೆಗೂ ನಾವು ಪಿಸುಮಾತಿನಲ್ಲಿ ಸಮಾಧಾನ ಹೇಳಿದರೂ ಅವರಿಗೆ ಕೇಳುತ್ತಿತ್ತು. ಅದೇ ಕಾಯಿಲೆಯಿದ್ದ ನಮ್ಮ ದೊಡ್ಡಪ್ಪನವರ ಕಿವಿ ಪೂರ್ತಿ ಹೋಗಿತ್ತು, ಸ್ನಾನಕ್ಕೆ ಕರೆಯಲು ಕೂಗಿದರೆ ಬೈಯುತ್ತಿದ್ದಾರೆ ಎಂದು ತಿಳಿದು ಹೊಡೆಯಲು ಬರುತ್ತಿದ್ದರು. ಎರಡು ಮನೆಗಳ ನಡುವಿನ ವ್ಯತ್ಯಾಸವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೇರಿಲ್ಯಾಂಡ್ ಕನ್ನಡಿಗ
ಹುಬ್ಬಳ್ಳಿಯವರ ಮಾತು ಮನಸ್ಸಿಗೆ ನಾಟಿತು. ಯಂತ್ರದಿಂದ ಉಪಯೋಗವಿದೆಯೇ ಎಂದು ನೇರವಾಗಿ ಪರೀಕ್ಷಿಸಿದ ಪ್ರಯೋಗವೂ ಒಂದಿದೆ, ಅಚೀವ್ ಎಂದು ಅದರ ಹೆಸರು. ಅದು ನಡೆದ ನಾಲ್ಕು ಸ್ಥಳಗಳಲ್ಲಿ ನಮ್ಮ ರಾಜ್ಯದ ವಾಷಿಂಗ್ಟನ್ ಕೌಂಟಿಯೂ ಒಂದು. 70ರಿಂದ 84 ವರ್ಷದ 977 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶ್ರವಣಯಂತ್ರ ಮತ್ತು ತರಬೇತಿ, ಇನ್ನೊಂದಕ್ಕೆ ಆರೋಗ್ಯದ ಬಗ್ಗೆ ತಿಳಿವಳಿಕೆ ಕೊಟ್ಟು ಮೂರು ವರ್ಷ ನೋಡಿದರು. ಹೃದ್ರೋಗದ ಹಳೆಯ ಅಧ್ಯಯನವೊಂದರಿಂದ ಬಂದ, ಮರೆವಿನ ಅಪಾಯ ಹೆಚ್ಚಿದ್ದ 238 ಜನರಲ್ಲಿ ಯಂತ್ರ ಹಾಕಿದವರ ಬುದ್ಧಿಶಕ್ತಿಯ ಕುಸಿತ 48 ಪ್ರತಿಶತ ನಿಧಾನವಾಯಿತು. 2023ರಲ್ಲಿ ಪ್ರಕಟವಾಗಿದೆ.

ಅಂಕಿಸಂಖ್ಯೆ
ಮೊದಲ ಫಲಿತಾಂಶವನ್ನು ಬಿಟ್ಟು ಎರಡನೆಯದನ್ನು ಹೇಳಿದಿರಲ್ಲ! 977 ಜನರನ್ನೂ ಸೇರಿಸಿ ನೋಡಿದಾಗ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವೇ ಸಿಗಲಿಲ್ಲ. ಆರೋಗ್ಯವಂತರಾಗಿ ಸ್ವಯಂಪ್ರೇರಣೆಯಿಂದ ಬಂದ 739 ಜನರಲ್ಲಿ ಮೂರು ವರ್ಷಕ್ಕೆ ಕುಸಿತವೇ ಬಹಳ ಕಡಿಮೆ, ಆದ್ದರಿಂದ ತಡೆಯುವುದಕ್ಕೂ ಏನೂ ಇರಲಿಲ್ಲ ಎಂಬ ವಿವರಣೆಯಿದೆ. ಅದು ನಂಬುವಂಥದ್ದೇ, ಆದರೆ ಅದು ವಿವರಣೆ, ಸಾಬೀತಲ್ಲ.

ಇನ್ನೊಂದು ಕಥೆ ಕೇಳಿ. ಅದೇ 2023ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಬಯೋಬ್ಯಾಂಕ್ ಎಂಬ ಆರೋಗ್ಯ ಮಾಹಿತಿ ಭಂಡಾರದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇಟ್ಟುಕೊಂಡು, ಯಂತ್ರ ಹಾಕಿದವರಿಗೆ ಅಪಾಯ ಕಡಿಮೆ ಎಂದು ಒಂದು ಲೇಖನ ಪ್ರತಿಷ್ಠಿತ ಪತ್ರಿಕೆಯಲ್ಲೇ ಬಂತು. ಯಂತ್ರ ಹಾಕುವವರು ಮತ್ತು ಹಾಕದವರು ಎಂಬ ಗುರುತು ಕಂಪ್ಯೂಟರ್ ಸಂಕೇತದಲ್ಲೇ ತಪ್ಪಾಗಿತ್ತು ಎಂದು ಆಮೇಲೆ ಗೊತ್ತಾಗಿ, ಡಿಸೆಂಬರ್‌ನಲ್ಲಿ ಅದನ್ನು ಹಿಂತೆಗೆದುಕೊಂಡರು. 2024ರಲ್ಲಿ ಬಂದ, ದಕ್ಷಿಣ ಡೆನ್ಮಾರ್ಕಿನ 5,73,000 ಜನರ ಅಧ್ಯಯನದಲ್ಲಿ ಕಿವುಡಿನಿಂದ ಹೆಚ್ಚುವ ಅಪಾಯ ಐದು ಪಟ್ಟೂ ಅಲ್ಲ, ಎರಡು ಪಟ್ಟೂ ಅಲ್ಲ, ಒಟ್ಟಾರೆ 7 ಪ್ರತಿಶತ ಮಾತ್ರ. ಯಂತ್ರ ಹಾಕದವರಲ್ಲಿ ಅದು 20 ಪ್ರತಿಶತ, ಹಾಕಿದವರಲ್ಲಿ 6. ಒಲವು ಯಂತ್ರದ ಕಡೆಗೇ ಇದೆ ಎಂದು ನಾನೂ ಒಪ್ಪುತ್ತೇನೆ. ಆದರೆ ಯಂತ್ರ ಕೊಳ್ಳುವವರು ಸಾಮಾನ್ಯವಾಗಿ ಓದಿದವರು, ಉಳ್ಳವರು, ಆರೋಗ್ಯ ನೋಡಿಕೊಳ್ಳುವವರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಕೋಲಾರದವ
ಅಮೆರಿಕ, ಡೆನ್ಮಾರ್ಕ್ ಎಲ್ಲ ಆಯಿತು, ನಮ್ಮವರ ಲೆಕ್ಕ ಯಾರಿಡುತ್ತಾರೆ ಎಂದು ಕೇಳುವವರಿಗೆ ಒಂದು ಮಾಹಿತಿ. ನಮ್ಮ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದ್ದಾರೆ. ಮಾವಿನ ತೋಪಿನಲ್ಲಿ ಕೆಲಸ ಮಾಡುವ, ಶಾಲೆಯ ಮುಖ ನೋಡದ ಹಿರಿಯರಿಗೆ ನೂರರಿಂದ ಏಳು ಕಳೆಯುತ್ತಾ ಹೋಗಿ ಎಂಬ ಪ್ರಶ್ನೆ ಕೇಳಿ ಮಂದಬುದ್ಧಿ ಎನ್ನಲಾಗುವುದಿಲ್ಲ ಎಂಬುದು ಇಂಥ ಅಧ್ಯಯನಗಳಿಂದಲೇ ತಿಳಿಯಬೇಕು.

ಸಾಗರದ ಸೊಸೆ
ಹಾಗಾದರೆ 1,80,000 ರೂಪಾಯಿ ಕೊಡಬೇಕೋ ಬೇಡವೋ? ದಯವಿಟ್ಟು ಯಾರಾದರೂ ನೇರವಾಗಿ ಹೇಳಿ.

ಶ್ರವಣತಜ್ಞೆ ಮೈಸೂರು
ನೇರವಾಗಿ ಹೇಳುತ್ತೇನೆ. ಮರೆವನ್ನು ತಡೆಯಲು ಎಂದಾದರೆ ಯಾರಿಗೂ ಮಾತು ಕೊಡಲು ಸಾಧ್ಯವಿಲ್ಲ. ಸೊಪ್ಪು ಎಂದರೆ ಸೊಪ್ಪು ಎಂದೇ ಕೇಳಿಸಬೇಕು, ಫೋನಿನಲ್ಲಿ ಮತ್ತೆ ನೆಂಟರ ಸುದ್ದಿ ವಿಚಾರಿಸಬೇಕು ಎಂದಾದರೆ ಖಂಡಿತ ಹಾಕಿಸಿ, ಅಷ್ಟೇ ಸಾಕಾದ ಕಾರಣ. ಆದರೆ ಆ ಅಂಗಡಿಯಲ್ಲಿ ಬೇಡ. ಮೊದಲು ಕಿವಿ ಮೂಗು ಗಂಟಲಿನ ವೈದ್ಯರಿಂದ ಗುಗ್ಗೆ ತೆಗೆಸಿ. ಆಮೇಲೆ ಶಬ್ದನಿರೋಧಕ ಕೋಣೆಯಲ್ಲಿ ಶ್ರವಣ ಪರೀಕ್ಷೆ ಮಾಡಿಸಿ, ನಕ್ಷೆಯ ಪ್ರತಿ ಕೇಳಿ ಪಡೆಯಿರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬರಲು ಸಾಧ್ಯವಾದರೆ ಬಹಳ ಒಳ್ಳೆಯದು. ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಕೇಂದ್ರ ಸರ್ಕಾರದ ವಯೋಶ್ರೀ ಯೋಜನೆಯಲ್ಲಿ, ಕಡಿಮೆ ವರಮಾನದ ಶ್ರವಣದೋಷಿಗಳಿಗೆ ಅಡಿಪ್ ಯೋಜನೆಯಲ್ಲಿ ಯಂತ್ರ ಸಿಗುತ್ತದೆ, ಇದನ್ನು ಓದುವ ಬೇರೆಯವರಿಗೆ ಉಪಯೋಗವಾಗಲಿ ಎಂದು ಹೇಳಿದೆ.

ಬೆಲೆ ಹೆಚ್ಚಾದಷ್ಟೂ ಹೆಚ್ಚುವುದು ಗದ್ದಲ ಸೋಸುವ ಶಕ್ತಿ, ಬ್ಲೂಟೂತ್ ಮುಂತಾದವು. ಮನೆಯಲ್ಲಿ ನಾಲ್ಕು ಜನರ ನಡುವೆ ಇರುವ ಅಮ್ಮನವರಿಗೆ ಮಧ್ಯಮ ದರ್ಜೆಯದು ಸಾಕಾಗುವ ಸಾಧ್ಯತೆಯೇ ಹೆಚ್ಚು. ಹಾಕಿದ ಮೊದಲ ವಾರ ಅವರು ಕಿತ್ತೆಸೆಯುತ್ತಾರೆ, ಸಿದ್ಧರಾಗಿರಿ. ಪ್ಲಾಸ್ಟಿಕ್ ಚೀಲದ ಪರಪರ, ನಲ್ಲಿಯ ನೀರು, ಸ್ವಂತ ಚಪ್ಪಲಿಯ ಸದ್ದು ಎಲ್ಲವೂ ಒಮ್ಮೆಗೇ ಮೈಮೇಲೆ ಬಿದ್ದಂತಾಗುತ್ತದೆ. ಮೊದಲು ಮನೆಯೊಳಗೆ ದಿನಕ್ಕೆ ಎರಡು ಗಂಟೆ, ಆಮೇಲೆ ನಿಧಾನವಾಗಿ ಹೆಚ್ಚಿಸಿ. ಕಪಾಟಿನಲ್ಲಿ ಇಟ್ಟ ಯಂತ್ರ ಎಷ್ಟು ದುಬಾರಿಯದಾದರೂ ಕೆಲಸ ಮಾಡುವುದಿಲ್ಲ.

ಹುಬ್ಬಳ್ಳಿ ಮಂದಿ
ಕಪಾಟಿನ ಮಾತು ಸತ್ಯ. ನಮ್ಮ ಅತ್ತಿಯವರ ಯಂತ್ರ ಮೂರು ವರ್ಷದಿಂದ ಬಂಗಾರದ ಸರದ ಪಕ್ಕದಲ್ಲೇ ಕೂತಿದೆ. ಕೇಳಿದರೆ, ಮದುವೆಗೆ ಹಾಕಿಕೊಳ್ಳುತ್ತೇನೆ ಎನ್ನುತ್ತಾರೆ.

ಸಾಗರದ ಸೊಸೆ
ಏಳು ವಾರಗಳ ನಂತರ ಬರೆಯುತ್ತಿದ್ದೇನೆ, ಕೇಳಿದವರಿಗೆಲ್ಲ ಉತ್ತರ ಕೊಡದಿದ್ದುದಕ್ಕೆ ಕ್ಷಮೆಯಿರಲಿ. ಎಡಗಿವಿಯಿಂದ ಹುಣಸೆಬೀಜದಷ್ಟು ದೊಡ್ಡ ಗುಗ್ಗೆಯ ಗಟ್ಟಿ ಹೊರಬಂತು. ಆಮೇಲೆ ಪರೀಕ್ಷೆ ಮಾಡಿದಾಗ ಬಲಗಿವಿ 52, ಎಡಗಿವಿ 55 ಡೆಸಿಬಲ್ ಬಂದಿದೆ, ಅಂದರೆ ಸದ್ದು ಅಷ್ಟು ಜೋರಾದರೆ ಮಾತ್ರ ಕೇಳಿಸುತ್ತದೆ. ಶ್ರವಣತಜ್ಞೆಯವರು ಹೇಳಿದಂತೆ ಮಧ್ಯಮ ದರ್ಜೆಯ ಜೋಡಿಯನ್ನೇ, ಅಂಗಡಿಯವರು ಹೇಳಿದ್ದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಂಡೆವು. ಮೊದಲ ನಾಲ್ಕು ದಿನ ಮಿಕ್ಸಿ ಹಾಕಿದಾಗಲೆಲ್ಲ ಕಿತ್ತು ಸೆರಗಿಗೆ ಕಟ್ಟಿಕೊಂಡರು. ಈಗ ಬೆಳಗಿನ ಪೂಜೆ ಮುಗಿಸಿ ತಾವೇ ಹಾಕಿಕೊಳ್ಳುತ್ತಾರೆ.

ಯಂತ್ರ ಹಾಕಿಸಿಕೊಂಡೇ ನೆನಪಿನ ಪರೀಕ್ಷೆ ಮತ್ತೊಮ್ಮೆ ಮಾಡಿಸಿದೆವು, 24 ಬಂತು. ಮೂರು ಪದಗಳನ್ನೂ ಸರಿಯಾಗಿ ಹೇಳಿದರು. ಆದರೆ ತಾರೀಕು, ತಿಂಗಳು ಹೇಳಲು ತಡವರಿಸಿದರು, ಚಿತ್ರ ನೋಡಿ ಬರೆಯುವುದರಲ್ಲೂ ತಪ್ಪಾಯಿತು. ಅಂಕಿಸಂಖ್ಯೆಯವರು ಹೇಳಿದ್ದು ನೆನಪಾಯಿತು. ಡಿಮೆನ್ಷಿಯಾ ಎಂಬ ಪದವನ್ನು ಸದ್ಯಕ್ಕೆ ವೈದ್ಯರು ಚೀಟಿಯಿಂದ ತೆಗೆದಿದ್ದಾರೆ, ಆರು ತಿಂಗಳಿಗೆ ಮತ್ತೆ ಬನ್ನಿ, ರಕ್ತದೊತ್ತಡ ಹತೋಟಿಯಲ್ಲಿಡಿ ಎಂದಿದ್ದಾರೆ.

ಅಂಕಿಸಂಖ್ಯೆ
ಒಳ್ಳೆಯ ಸುದ್ದಿ. ಒಂದೇ ಪರೀಕ್ಷೆಯನ್ನು ಎರಡನೇ ಸಲ ಮಾಡಿದಾಗ ಅಭ್ಯಾಸಬಲದಿಂದಲೂ ಒಂದೆರಡು ಅಂಕ ಏರುತ್ತದೆ ಎಂದು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ, ಆದ್ದರಿಂದ ಹೇಳಿದ್ದೇನೆ.

ಸಾಗರದ ಸೊಸೆ
ಗೊತ್ತಿತ್ತು ನೀವು ಬರುತ್ತೀರಿ ಎಂದು! ಒಂದು ಸಣ್ಣ ಪ್ರಶ್ನೆ ಉಳಿದಿದೆ. ಯಂತ್ರದ ಬ್ಯಾಟರಿಗಳ ಮೇಲೆ ಕಿತ್ತಳೆ ಬಣ್ಣದ ಪುಟ್ಟ ಚೀಟಿ ಅಂಟಿಸಿರುತ್ತಾರಲ್ಲ, ನನ್ನ ಮಗ ಹೊಸ ಪೊಟ್ಟಣದ ಆರಕ್ಕೆ ಆರನ್ನೂ ಕಿತ್ತು ತನ್ನ ಆಟಿಕೆ ಲಾರಿಗೆ ದೀಪ ಮಾಡಿ ಅಂಟಿಸಿದ್ದಾನೆ. ಅವನ್ನೇ ಮತ್ತೆ ಬ್ಯಾಟರಿಗೆ ಅಂಟಿಸಿ ಇಡಬಹುದೇ?

ಶ್ರವಣತಜ್ಞೆ ಮೈಸೂರು
ಅಂಟಿಸಿ ಪ್ರಯೋಜನವಿಲ್ಲ. ಚೀಟಿಯ ಕೆಳಗೆ ಸಣ್ಣ ರಂಧ್ರಗಳಿವೆ, ಅದರೊಳಗೆ ಗಾಳಿ ಹೋದ ಕೂಡಲೇ ಬ್ಯಾಟರಿಯೊಳಗಿನ ಸತು ಕೆಲಸ ಶುರುಮಾಡುತ್ತದೆ. ಬಳಸಿದರೂ ಬಿಟ್ಟರೂ ಆರೂ ಬ್ಯಾಟರಿಗಳು ಇನ್ನು ಕೆಲವೇ ವಾರಗಳಲ್ಲಿ ಮುಗಿಯುತ್ತವೆ. ಎರಡನ್ನು ಈಗ ಹಾಕಿ, ಉಳಿದವನ್ನು ಮಗುವಿನ ಕೈಗೆ ಸಿಗದಂತೆ ಎತ್ತರದಲ್ಲಿ ಇಡಿ, ನುಂಗಿದರೆ ಬಹಳ ಅಪಾಯ. ಲಾರಿಯ ದೀಪ ಹಾಗೆಯೇ ಇರಲಿ.